ನಿಯಮವೂ ನ್ಯಾಯವೂ

ನಾನು ಉಪಾಧ್ಯಾಯನಾಗಿ ಸೇರಿದ ಮೊದಲ ವರ್ಷಗಳ ಮಾತು. ನಮ್ಮ ಶಾಲೆ ಹೊಳೆಯ ಈಚೆ ದಡದಲ್ಲಿತ್ತು. ಆಚೆ ದಡದ ಹಳ್ಳಿಗಳ ಮಕ್ಕಳು ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದರು. ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ಬಂದವರು ಮೊದಲ ಪಾಠ ಮುಗಿಯುವ ತನಕ ಹೊರಗೆ ನಿಲ್ಲಬೇಕೆಂಬುದು ಶಾಲೆಯ ನಿಯಮ. ಆಷಾಢದ ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತೊಯ್ದ ಬಟ್ಟೆಯಲ್ಲಿ ತಡವಾಗಿ ಬಂದು ಬಾಗಿಲಲ್ಲಿ ನಿಂತ. ಅಂದು ಮೊದಲ ಪಾಠದಲ್ಲಿಯೇ ಕಿರುಪರೀಕ್ಷೆ. ಅವನು ಏನೋ ಹೇಳಲು ಬಾಯಿ ತೆರೆದ. “ನಿಯಮ ಎಲ್ಲರಿಗೂ ಒಂದೇ” ಎಂದು ನಾನು ಅವನ ಮಾತನ್ನು ಅಲ್ಲಿಯೇ ತಡೆದೆ. ತರಗತಿಯ ಮಕ್ಕಳೆಲ್ಲ ತಲೆ ತಗ್ಗಿಸಿ ಕುಳಿತಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, “ಸಾರ್, ಏಕೆ ತಡವಾಯಿತೆಂದು ಅವನನ್ನು ಕೇಳಲೇ ಇಲ್ಲವಲ್ಲ” ಎಂದಳು. ಅವಳನ್ನೂ ಗದರಿಸಿ ಕೂರಿಸಿದೆ. ಹೊಳೆ ಏರಿದ್ದರಿಂದ ದೋಣಿ ಹೊರಡುವುದೇ ತಡವಾಗಿತ್ತೆಂದೂ, ಉಳಿದವರೆಲ್ಲ ಮನೆಗೆ ಹಿಂದಿರುಗಿದರೂ ಪರೀಕ್ಷೆ ತಪ್ಪಬಾರದೆಂದು ಅವನೊಬ್ಬನೇ ಮಳೆಯಲ್ಲಿ ಕಾದು ಬಂದನೆಂದೂ ನನಗೆ ತಿಳಿದದ್ದು ಸಂಜೆ, ದೋಣಿಯವನ ಬಾಯಿಂದ.

ನಾನು ಶಾಲೆಯ ಯಾವ ನಿಯಮವನ್ನೂ ಮುರಿದಿರಲಿಲ್ಲ; ಆದರೂ ಅನ್ಯಾಯ ಮಾಡಿದ್ದೆ. ನಿಯಮದಂತೆ ನಡೆದರೆ ಸಾಕೆ, ಅಥವಾ ಆ ನಿಯಮವೇ ನ್ಯಾಯವಾಗಿರಬೇಕೆ? ಅಂದು ನನ್ನನ್ನು ಕಾಡಿದ ಈ ಪ್ರಶ್ನೆ ಬಹು ದೊಡ್ಡದೆಂದು, ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ತಾನು ಹುಟ್ಟಿದ ವರ್ಷವೇ ಇದನ್ನು ಎದುರಿಸಿತೆಂದು ಮುಂದೆ ಓದಿ ತಿಳಿದುಕೊಂಡೆ. ಆ ನ್ಯಾಯಾಲಯದ ಮೊದಲ ದಿನಗಳ ಕಥೆಯನ್ನು ನಿಮಗೆ ಹೇಳಬೇಕೆಂದಿರುವುದು ಇದಕ್ಕಾಗಿಯೇ.

‘ಸುಪ್ರೀಂ ಕೋರ್ಟು’ ಎಂಬ ಹೆಸರು ನಮ್ಮ ನೆಲಕ್ಕೆ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಕಾಲದಲ್ಲಿ, 1774ರಲ್ಲಿಯೇ, ಕಲ್ಕತ್ತೆಯಲ್ಲಿ ಆ ಹೆಸರಿನ ನ್ಯಾಯಾಲಯವೊಂದು ಸ್ಥಾಪನೆಯಾಗಿತ್ತು. ಮರುವರ್ಷವೇ ಅದರ ಮುಂದೆ ಮಹಾರಾಜ ನಂದಕುಮಾರನ ವಿಚಾರಣೆ ನಡೆಯಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಲಂಚ ಪಡೆದನೆಂದು ಈತ ದೂರು ಕೊಟ್ಟಿದ್ದನು. ಆ ದೂರಿನ ಬೆನ್ನಿಗೇ ಹಳೆಯದೊಂದು ದಸ್ತಾವೇಜನ್ನು ನಕಲಿಯಾಗಿ ಸೃಷ್ಟಿಸಿದನೆಂಬ ಆಪಾದನೆ ಇವನ ಮೇಲೆಯೇ ಬಂದಿತು. ನಕಲಿ ದಸ್ತಾವೇಜಿಗೆ ಮರಣದಂಡನೆ ವಿಧಿಸುವ ಕಟ್ಟಲೆ ಇಂಗ್ಲೆಂಡಿನದು. ಬಂಗಾಳದ ಜನರು ಅಂಥ ಶಿಕ್ಷೆಯನ್ನು ಕಂಡರಿಯರು. ನ್ಯಾಯಾಧೀಶರಿದ್ದರು, ಸಾಕ್ಷಿಗಳಿದ್ದರು, ವಾದ ನಡೆಯಿತು. ವಿಚಾರಣೆಯ ರೀತಿನೀತಿಗಳೆಲ್ಲ ನೆರವೇರಿದವು. 1775ರ ಆಗಸ್ಟಿನಲ್ಲಿ ನಂದಕುಮಾರನನ್ನು ಗಲ್ಲಿಗೇರಿಸಲಾಯಿತು. ನಿಯಮದ ಅಕ್ಷರ ನೆರವೇರಿಯೂ ಜನರ ಮನಸ್ಸು ಅದನ್ನು ನ್ಯಾಯವೆಂದು ಒಪ್ಪದಿರಬಹುದೆಂಬುದಕ್ಕೆ ಈ ಪ್ರಕರಣ ಇಂದಿಗೂ ಉದಾಹರಣೆಯಾಗಿ ಉಳಿದಿದೆ.

ಕಾಲಕ್ರಮದಲ್ಲಿ ಆ ನ್ಯಾಯಾಲಯ ಹೋಗಿ, 1862ರಲ್ಲಿ ಉಚ್ಚ ನ್ಯಾಯಾಲಯಗಳು ಬಂದವು. ಆದರೆ ಕೊನೆಯ ಮಾತು ಮಾತ್ರ ಭಾರತದಲ್ಲಿ ಇರಲಿಲ್ಲ. ಮದರಾಸಿನ ಹೊಲದ ತಕರಾರಾಗಲಿ, ಬೊಂಬಾಯಿಯ ವ್ಯಾಪಾರಿಯ ಲೇವಾದೇವಿಯಾಗಲಿ, ಅಂತಿಮ ತೀರ್ಮಾನಕ್ಕಾಗಿ ಏಳು ಕಡಲ ಆಚೆಯ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಬೇಕಾಗಿತ್ತು. ಅಷ್ಟು ದೂರ ಹೋಗಬಲ್ಲವನು ಹಣವುಳ್ಳವನೇ. 1937ರ ಅಕ್ಟೋಬರ್ 1ರಂದು ದಿಲ್ಲಿಯಲ್ಲಿ ಫೆಡರಲ್ ನ್ಯಾಯಾಲಯ ಆರಂಭವಾಯಿತು. ಸರ್ ಮಾರಿಸ್ ಗ್ವೈಯರ್ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. ಆದರೆ ಅದರ ಮೇಲೆಯೂ ಪ್ರಿವಿ ಕೌನ್ಸಿಲ್ ಇದ್ದೇ ಇತ್ತು. ಆ ಸಂಬಂಧ ಪೂರ್ತಿಯಾಗಿ ಕಳಚಿದುದು ಸ್ವಾತಂತ್ರ್ಯ ಬಂದ ಎರಡು ವರ್ಷಗಳ ಬಳಿಕ, 1949ರಲ್ಲಿ.

1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು. ಎರಡು ದಿನಗಳ ಅನಂತರ, ಜನವರಿ 28ರಂದು, ಸರ್ವೋಚ್ಚ ನ್ಯಾಯಾಲಯದ ಉದ್ಘಾಟನೆ ನಡೆಯಿತು. ಅದಕ್ಕೆ ಸ್ವಂತ ಕಟ್ಟಡವಿನ್ನೂ ಇರಲಿಲ್ಲ. ಅಂದಿನ ಸಂಸತ್ ಭವನದಲ್ಲಿ ದೇಶೀಯ ಸಂಸ್ಥಾನಗಳ ಅರಸರು ಸಭೆ ಸೇರುವುದಕ್ಕೆಂದು ಕಟ್ಟಿದ್ದ ಸಭಾಂಗಣವೇ ಅದರ ಮೊದಲ ನೆಲೆ. ಅರಸರಿಗೆಂದು ಕಟ್ಟಿದ ಅಂಗಣದಲ್ಲಿ ಇನ್ನು ಮುಂದೆ ಸಾಮಾನ್ಯ ಪ್ರಜೆಯ ಅರ್ಜಿಯನ್ನು ಓದಬೇಕಾಗಿತ್ತು. ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕಾನಿಯಾ. ಅವರೊಡನೆ ಸೈಯದ್ ಫಜಲ್ ಅಲಿ, ಪತಂಜಲಿ ಶಾಸ್ತ್ರಿ, ಮೆಹರ್‌ಚಂದ್ ಮಹಾಜನ್, ಬಿಜನ್ ಕುಮಾರ್ ಮುಖರ್ಜಿ, ಸುಧಿರಂಜನ್ ದಾಸ್. ಒಟ್ಟು ಆರು ಮಂದಿ. ತಿಲಕ್ ಮಾರ್ಗದ ಇಂದಿನ ಕಟ್ಟಡಕ್ಕೆ ನ್ಯಾಯಾಲಯ ಹೋದದ್ದು 1958ರಲ್ಲಿ. 2019ರಲ್ಲಿ ನ್ಯಾಯಮೂರ್ತಿಗಳ ಸಂಖ್ಯೆಯ ಮಿತಿ 34ಕ್ಕೆ ಏರಿತು.

ಈ ಆರು ಮಂದಿಯ ಕೈಯಲ್ಲಿ ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ಇದ್ದದ್ದು ಸಂವಿಧಾನದ ಪುಸ್ತಕವೊಂದೇ. ಆ ಪುಸ್ತಕದ 32ನೆಯ ವಿಧಿ, ಮೂಲಭೂತ ಹಕ್ಕಿಗೆ ಭಂಗ ಬಂದ ಯಾವ ವ್ಯಕ್ತಿಯಾದರೂ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬಹುದೆಂದು ಹೇಳುತ್ತದೆ. ಡಾ. ಅಂಬೇಡ್ಕರರು ಆ ವಿಧಿಯನ್ನು ಸಂವಿಧಾನದ ಆತ್ಮವೆಂದೇ ಭಾವಿಸಿದ್ದರು. ಬಾಗಿಲು ತಟ್ಟಿದವನಿಗೆ ಏನು ದೊರೆಯುವುದೆಂಬುದು ಮಾತ್ರ ಇನ್ನೂ ಯಾರಿಗೂ ತಿಳಿದಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಬೆನಗಲ್ ನರಸಿಂಗ ರಾಯರು. ಸರ್ಕಾರ ಒಬ್ಬನ ಜೀವವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಸಿಯಬೇಕಾದರೆ ಯಾವ ಕಟ್ಟುಪಾಡಿಗೆ ಒಳಪಡಬೇಕು ಎಂಬುದು ಆಗ ದೊಡ್ಡ ಚರ್ಚೆಯ ವಿಷಯವಾಗಿತ್ತು. ಅಮೆರಿಕದ ಸಂವಿಧಾನದ ಮಾದರಿಯನ್ನು ಅನುಸರಿಸಿದರೆ, ಆ ಕಾನೂನು ನ್ಯಾಯವಾದುದೇ ಎಂದು ಪರೀಕ್ಷಿಸುವ ಅಧಿಕಾರವೂ ನ್ಯಾಯಾಧೀಶರಿಗೆ ಬರುತ್ತಿತ್ತು. ರಾಯರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋದಾಗ, ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅದು ಬೇಡವೆಂದು ಸಲಹೆಯಿತ್ತರು. ಪ್ರಜೆಗಳು ಆರಿಸಿ ಕಳಿಸಿದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲವೆಂಬುದು ಅವರ ಅಭಿಪ್ರಾಯ. ನಮ್ಮ ಕರಡು ಸಮಿತಿಯೂ ಅದನ್ನೇ ಒಪ್ಪಿತು. ಹೀಗೆ ನಮ್ಮ 21ನೆಯ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನಕ್ಕೆ ಅನುಸಾರವಾಗಿಯೇ ಹೊರತು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಅರ್ಥದ ಮಾತು ಸೇರಿತು.

ಈ ಆಯ್ಕೆ ಸುಲಭವಾಗಿರಲಿಲ್ಲ. ಶಾಸನಸಭೆಯಲ್ಲಿ ಬಹುಮತವಿರುವ ಪಕ್ಷ ಜನರ ಹಕ್ಕನ್ನು ತುಳಿಯುವ ಕಾನೂನನ್ನು ಮಾಡಬಹುದು. ಹಾಗೆಂದು ಐದಾರು ಮಂದಿ ನ್ಯಾಯಾಧೀಶರ ಕೈಗೆ ಎಲ್ಲವನ್ನೂ ಒಪ್ಪಿಸಿದರೆ ಅವರೂ ತಪ್ಪಬಹುದು. ಎರಡೂ ಕಡೆ ಅಪಾಯವುಂಟೆಂದು ಅಂಬೇಡ್ಕರರು 1948ರ ಡಿಸೆಂಬರಿನಲ್ಲಿ ಸಭೆಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಮುಂದೆ ಬಂಧಿತನ ರಕ್ಷಣೆಗಾಗಿ 22ನೆಯ ವಿಧಿಯನ್ನು ಸೇರಿಸಿದವರೂ ಅವರೇ.

ಸಂವಿಧಾನ ಜಾರಿಗೆ ಬಂದು ನಾಲ್ಕು ತಿಂಗಳು ತುಂಬುವ ಮೊದಲೇ ಈ ಮಾತಿನ ಪರೀಕ್ಷೆ ನಡೆಯಿತು. ಕೇರಳದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ 1947ರ ಡಿಸೆಂಬರಿನಿಂದ ಮದರಾಸು ಪ್ರಾಂತದಲ್ಲಿ ಸೆರೆಯಲ್ಲಿದ್ದರು. 1950ರ ಫೆಬ್ರವರಿಯಲ್ಲಿ ಸಂಸತ್ತು ಮುಂಜಾಗ್ರತಾ ಬಂಧನ ಕಾಯಿದೆಯನ್ನು ಮಾಡಿತು. ಅಪರಾಧ ನಡೆದ ಮೇಲೆ ಹಿಡಿಯುವುದು ಬೇರೆ; ಮುಂದೆ ತಪ್ಪು ಮಾಡಬಹುದೆಂಬ ಶಂಕೆಯಿಂದ, ವಿಚಾರಣೆಯೇ ಇಲ್ಲದೆ ಒಬ್ಬನನ್ನು ಸೆರೆಯಲ್ಲಿಡುವುದು ಬೇರೆ. ಈ ಕಾಯಿದೆ ಎರಡನೆಯ ಬಗೆಯದು. ಇದರ ಪ್ರಕಾರ ಹೊಸ ಆಜ್ಞೆ ಹೊರಟು ಗೋಪಾಲನ್ ಸೆರೆಯಲ್ಲಿಯೇ ಉಳಿದರು. ಅವರು 32ನೆಯ ವಿಧಿಯ ಬಾಗಿಲನ್ನು ತಟ್ಟಿದರು. ಅವರ ಪರವಾಗಿ ವಾದಿಸಿದವರು ಎಂ. ಕೆ. ನಂಬಿಯಾರ್. ಸಂಸತ್ತು ಮಾಡಿದುದೆಲ್ಲವೂ ಕಾನೂನಾಗಲಾರದು, ನ್ಯಾಯದ ಮೂಲತತ್ತ್ವಗಳಿಗೆ ಒಪ್ಪುವಂತಿದ್ದರೆ ಮಾತ್ರ ಅದು ಕಾನೂನು ಎಂಬುದು ಅವರ ವಾದದ ತಿರುಳು.

ಮೇ 19ರಂದು ತೀರ್ಪು ಹೊರಬಂದಿತು. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಕೂಡದೆಂದು ಕಾಯಿದೆಯಲ್ಲಿದ್ದ 14ನೆಯ ಪ್ರಕರಣ ಸಲ್ಲದೆಂದು ಆರೂ ಮಂದಿ ಒಮ್ಮತದಿಂದ ಹೇಳಿದರು. ಇದು ಸಣ್ಣ ಮಾತಲ್ಲ. ಹೊಸ ನ್ಯಾಯಾಲಯ ಸಂಸತ್ತಿನ ಕಾಯಿದೆಯ ಒಂದು ಭಾಗವನ್ನು ಹೊಡೆದುಹಾಕಿತು, ಸರ್ಕಾರ ತಲೆಬಾಗಿತು. ಆದರೆ ಕಾಯಿದೆಯ ಉಳಿದ ಭಾಗವನ್ನು ನಾಲ್ವರು ಎತ್ತಿಹಿಡಿದರು. ಶಾಸನಸಭೆ ಕ್ರಮವಾಗಿ ಮಾಡಿದ ಕಾನೂನಿದ್ದರೆ ಸಾಕು, ಅದರ ನ್ಯಾಯಾನ್ಯಾಯವನ್ನು ತೂಗುವುದು ತಮ್ಮ ಕೆಲಸವಲ್ಲವೆಂದು ಅವರು ಭಾವಿಸಿದರು. ಗೋಪಾಲನ್ ಬಿಡುಗಡೆಯಾಗಲಿಲ್ಲ.

ಇಬ್ಬರು ಒಪ್ಪಲಿಲ್ಲ: ಮಹಾಜನ್ ಮತ್ತು ಫಜಲ್ ಅಲಿ. ನಾವು ನೆನೆಯಬೇಕಾದ ಮಾತು ಫಜಲ್ ಅಲಿಯವರದು. ಮೂಲಭೂತ ಹಕ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಕೋಣೆಗಳಲ್ಲ. ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ ಎಂಬ ನಿಲುವು ಅವರದು. ಕಾರ್ಯವಿಧಾನವೆಂದು ಕರೆಯಿಸಿಕೊಳ್ಳಬೇಕಾದರೆ ಅದರಲ್ಲಿ ನಾಲ್ಕು ಅಂಶಗಳಾದರೂ ಇರಬೇಕೆಂದು ಅವರು ವಿವರಿಸಿದರು: ಆಪಾದನೆಯೇನೆಂದು ಮೊದಲೇ ತಿಳಿಸಬೇಕು, ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶ ಕೊಡಬೇಕು, ಕೇಳುವವನು ನಿಷ್ಪಕ್ಷಪಾತಿಯಾಗಿರಬೇಕು, ವಿಚಾರಣೆ ಕ್ರಮಬದ್ಧವಾಗಿರಬೇಕು. ಆ ಮಳೆಯ ಬೆಳಿಗ್ಗೆ ನಾನು ಹುಡುಗನಿಗೆ ಕೊಡದೆ ಹೋದದ್ದು ಇವುಗಳಲ್ಲಿ ಎರಡನೆಯದು.

ಹಾಗಾದರೆ ಅಲ್ಪಮತದವರು ಯಾವಾಗಲೂ ಸರಿ, ಬಹುಮತದವರು ಯಾವಾಗಲೂ ತಪ್ಪೆಂದು ತಿಳಿಯಬೇಕೆ? ಖಂಡಿತ ಕೂಡದು. ಗೋಪಾಲನ್ ತೀರ್ಪಿಗೆ ಸರಿಯಾಗಿ ಒಂದು ವಾರದ ಬಳಿಕ, ಮೇ 26ರಂದು, ಇನ್ನೊಂದು ತೀರ್ಪು ಬಂದಿತು. ಬೊಂಬಾಯಿಯಲ್ಲಿ ಅಚ್ಚಾಗುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆ ಮದರಾಸು ಪ್ರಾಂತದೊಳಗೆ ಬಾರದಂತೆ ಅಲ್ಲಿಯ ಸರ್ಕಾರ ತಡೆದಿತ್ತು. ಪತ್ರಿಕೆಯ ರೊಮೇಶ್ ಥಾಪರ್ ನ್ಯಾಯಾಲಯಕ್ಕೆ ಹೋದರು. ಪತಂಜಲಿ ಶಾಸ್ತ್ರಿಯವರು ಬಹುಮತದ ತೀರ್ಪನ್ನು ಬರೆದು, ಆ ತಡೆಯನ್ನು ರದ್ದುಗೊಳಿಸಿ, ವಾಕ್ ಸ್ವಾತಂತ್ರ್ಯವನ್ನು ಎತ್ತಿಹಿಡಿದರು. ಇಲ್ಲಿಯೂ ಒಬ್ಬರು ಭಿನ್ನಮತ ತಾಳಿದರು. ಅವರೂ ಫಜಲ್ ಅಲಿಯವರೇ! ಸಾರ್ವಜನಿಕ ನೆಮ್ಮದಿಯನ್ನು ಕಾಯುವುದಕ್ಕಾಗಿ ಸರ್ಕಾರ ಇಂಥ ಕ್ರಮ ಕೈಗೊಳ್ಳಬಹುದೆಂದು ಅವರು ಈ ಸಲ ಸರ್ಕಾರದ ಪಕ್ಷದಲ್ಲಿ ನಿಂತರು. ಮರುವರ್ಷ, 1951ರ ಜೂನ್‌ನಲ್ಲಿ, ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ವಾಕ್ ಸ್ವಾತಂತ್ರ್ಯದ ಮಿತಿಗಳಲ್ಲಿ ಸಾರ್ವಜನಿಕ ಸುವ್ಯವಸ್ಥೆಯನ್ನೂ ಸೇರಿಸಿತು. ಜೊತೆಗೆ, ಆ ಮಿತಿಗಳು ಯುಕ್ತವಾಗಿರಬೇಕೆಂಬ ಮಾತನ್ನೂ ಸೇರಿಸಿತು. ಯುಕ್ತವೇ ಅಲ್ಲವೇ ಎಂದು ನೋಡುವ ಕೆಲಸ ನ್ಯಾಯಾಲಯಕ್ಕೆ ಬಂದಿತು.

ನನ್ನ ಮಟ್ಟಿಗೆ, ಈ ಎರಡನೆಯ ಭಿನ್ನಮತ ಒಪ್ಪಿಗೆಯಾಗುವುದಿಲ್ಲ. ಪತ್ರಿಕೆಯ ಬಾಯಿ ಕಟ್ಟುವುದನ್ನು ಅಷ್ಟು ಸುಲಭವಾಗಿ ಅನುಮತಿಸಬಾರದಿತ್ತು. ಆದರೂ ಅದನ್ನು ಬರೆದ ಮನುಷ್ಯನ ಮೇಲಿನ ಗೌರವ ಕಡಮೆಯಾಗುವುದಿಲ್ಲ. ಒಂದು ವಾರ ಸರ್ಕಾರದ ವಿರುದ್ಧ, ಮರುವಾರ ಸರ್ಕಾರದ ಪರ. ಎರಡು ಸಲವೂ ಹೆಚ್ಚು ಮಂದಿಯ ಎದುರಿಗೆ. ಯಾರ ಮೆಚ್ಚುಗೆಯನ್ನೂ ಬಯಸದೆ, ತನಗೆ ಕಂಡುದನ್ನು ಕಾರಣಸಹಿತವಾಗಿ ಬರೆದಿಟ್ಟ ರೀತಿ ಅದು. ಕನ್ನಡಿಗರಾದ ನಮಗೆ ಈ ಹೆಸರು ಇನ್ನೊಂದು ಕಾರಣದಿಂದ ಪರಿಚಿತ. 1953ರಲ್ಲಿ ರಾಜ್ಯಗಳ ಪುನರ್ವಿಂಗಡಣೆಗಾಗಿ ನೇಮಕವಾದ ಆಯೋಗದ ಅಧ್ಯಕ್ಷರು ಇವರೇ. ಆ ಆಯೋಗದ ವರದಿಯ ಫಲವಾಗಿ 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು.

ಫಜಲ್ ಅಲಿಯವರು 1959ರಲ್ಲಿ ತೀರಿಕೊಂಡರು. ಆಗಿನ್ನೂ ಗೋಪಾಲನ್ ತೀರ್ಪೇ ನೆಲೆಯಾಗಿ ನಿಂತಿತ್ತು. ಆದರೆ ಅವರ ಭಿನ್ನಮತ ತೀರ್ಪಿನ ಪುಟಗಳಲ್ಲಿ ಹಾಗೆಯೇ ಉಳಿದಿತ್ತು. 1970ರಲ್ಲಿ, ಬ್ಯಾಂಕುಗಳ ರಾಷ್ಟ್ರೀಕರಣದ ಪ್ರಕರಣದಲ್ಲಿ, ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹಕ್ಕುಗಳನ್ನು ಬೇರೆ ಬೇರೆಯಾಗಿ ನೋಡುವ ಹಳೆಯ ದೃಷ್ಟಿ ಸರಿಯಲ್ಲವೆಂದು ಬಹುಮತದಿಂದ ಸಾರಿತು. 1978ರ ಜನವರಿ 25ರಂದು, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಂಡ ಪ್ರಕರಣದಲ್ಲಿ, 21ನೆಯ ವಿಧಿಯ ಕಾರ್ಯವಿಧಾನ ನ್ಯಾಯಯುತವೂ ಯುಕ್ತವೂ ಆಗಿರಬೇಕೆಂಬುದು ಸ್ಥಿರವಾಯಿತು. 1950ರಲ್ಲಿ ಅಲ್ಪಮತವಾಗಿದ್ದುದು ದೇಶದ ಕಾನೂನಾಯಿತು. ಅದನ್ನು ಕಾಣಲು ಗೋಪಾಲನ್ ಕೂಡ ಇರಲಿಲ್ಲ. ಅವರು ಹತ್ತು ತಿಂಗಳ ಹಿಂದೆ ತೀರಿಕೊಂಡಿದ್ದರು.

ಈ ದಾರಿ ನೇರವಾಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ, ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಬಂಧಿತರಿಗೆ ನ್ಯಾಯಾಲಯದ ಬಾಗಿಲನ್ನೇ ಮುಚ್ಚಿದರು. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಆ ಬಾಗಿಲನ್ನು ತೆರೆದಿಟ್ಟಿದ್ದವು. ಸರ್ವೋಚ್ಚ ನ್ಯಾಯಾಲಯದಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪದೆ ನಿಂತರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಮತ್ತೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು. 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, ಒಂಬತ್ತು ಮಂದಿಯ ಪೀಠ ಖಾಸಗಿತನವೂ ಮೂಲಭೂತ ಹಕ್ಕೆಂದು ಸಾರಿತು. 1976ರ ಆ ತೀರ್ಪು ತಪ್ಪೆಂದು ಅದೇ ಸಂದರ್ಭದಲ್ಲಿ ತಳ್ಳಿಹಾಕಿತು. ಹಾಗೆಂದು ಎಲ್ಲವೂ ಮುಗಿದಿಲ್ಲ. ಮುಂಜಾಗ್ರತಾ ಬಂಧನಕ್ಕೆ 22ನೆಯ ವಿಧಿಯಲ್ಲಿ ಇಂದಿಗೂ ಅವಕಾಶವಿದೆ.

ನ್ಯಾಯಾಧೀಶರೇ ತಮ್ಮೊಳಗೆ ಒಪ್ಪದಿದ್ದರೆ ಜನರಿಗೆ ನ್ಯಾಯಾಲಯದಲ್ಲಿ ನಂಬಿಕೆ ಹೇಗೆ ಬಂದೀತು ಎಂದು ಕೆಲವರು ಕೇಳುವುದುಂಟು. ಈ ಶಂಕೆ ನಿರಾಧಾರವೇನೂ ಅಲ್ಲ. ಮೂರು ಬಾಯಿಂದ ಮೂರು ಮಾತು ಬಂದರೆ ಸಾಮಾನ್ಯನಿಗೆ ಗೊಂದಲವಾಗುತ್ತದೆ. ಆದರೆ ನನ್ನ ಅಭಿಪ್ರಾಯ ಬೇರೆ. ಭಿನ್ನಮತ ತೀರ್ಪನ್ನು ತಡೆಯುವುದಿಲ್ಲ. ಬಹುಮತದ ತೀರ್ಪೇ ಅಂದು ನಡೆಯುತ್ತದೆ, ನಡೆಯಲೂ ಬೇಕು. ಭಿನ್ನಮತ ಮಾಡುವುದಿಷ್ಟೇ: ಇಂದಿನವರು ಎಡವಿದ್ದರೆ ಹಿಂದಿರುಗಿ ನಡೆಯಲು ನಾಳಿನವರಿಗೊಂದು ಕಾಲುದಾರಿಯನ್ನು ಉಳಿಸಿಕೊಡುತ್ತದೆ. ಎಲ್ಲರೂ ಒಂದೇ ಮಾತನ್ನಾಡಿದ ಸಭೆಯಲ್ಲಿ ತಪ್ಪನ್ನು ತಿದ್ದುವ ಸುಳಿವೇ ಉಳಿಯುವುದಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯ ಎಂದೂ ತಪ್ಪಲಿಲ್ಲವೆಂದು ನಾನು ಹೇಳಲಾರೆ. ತನ್ನ ತಪ್ಪನ್ನು ತಿದ್ದಿಕೊಳ್ಳುವ ಸಾಮಗ್ರಿಯನ್ನು ಮೊದಲ ವರ್ಷದಿಂದಲೇ ತನ್ನೊಳಗೆ ಇಟ್ಟುಕೊಂಡಿತ್ತೆಂದು ಹೇಳಬಲ್ಲೆ. ಅದರ ಹಿರಿಮೆ ಇರುವುದು ಅಲ್ಲಿಯೇ.

ನೀವು ನಾಳೆ ಮನೆಯಲ್ಲಿ, ಪಂಚಾಯಿತಿಯಲ್ಲಿ, ಕಚೇರಿಯಲ್ಲಿ ತೀರ್ಮಾನ ಕೊಡುವ ಸ್ಥಾನಕ್ಕೆ ಬರುವಿರಿ. ಆಗ ನಿಯಮದ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಇರಲಿ, ನಿಯಮವಿಲ್ಲದ ಕಡೆ ಬಲವಂತನದೇ ರಾಜ್ಯ. ಆದರೆ ಆ ಪುಸ್ತಕವನ್ನು ತೆರೆಯುವ ಮೊದಲು ಎದುರಿಗೆ ನಿಂತವನ ಮಾತನ್ನು ಕೇಳಿ. ಎಲ್ಲರೂ ಒಪ್ಪಿದ ಮೇಲೆಯೂ ಒಬ್ಬರು ಎದ್ದು ನಿಂತರೆ ಅವರನ್ನು ಕೂರಿಸಬೇಡಿ.

ಮರುದಿನ ನಾನು ಆ ಹುಡುಗನಿಗೆ ಪರೀಕ್ಷೆ ಬರೆಯಲು ಅವಕಾಶ ಕೊಟ್ಟೆ. ಹಿಂದಿನ ಸಾಲಿನ ಹುಡುಗಿಗೆ ಮಾತ್ರ, “ನೀನು ಹೇಳಿದ್ದು ಸರಿಯಾಗಿತ್ತಮ್ಮ” ಎಂಬ ಮಾತನ್ನು ಹೇಳಲು ನನ್ನ ಅಭಿಮಾನ ಅಡ್ಡಬಂದಿತು. ಅಂದು ಹೇಳದೆ ಉಳಿದ ಆ ಮಾತನ್ನು ಇಷ್ಟು ವರ್ಷಗಳ ಮೇಲೆ ಇಲ್ಲಿ ಬರೆದಿಡುತ್ತಿದ್ದೇನೆ.